ಹೆಸರು ಬದಲಾಗ್ತಾನೇ ಇರೋ ಊರು: ರಾಮನಗರ

ಭಾಗ 1

ಬೆಂಗಳೂರಿಂದ ಮೈಸೂರಿಗೆ ಹೋಗುವಾಗ ನೀವು ನಮ್ಮೂರನ್ನ ನೋಡಿರ್ತೀರ. ಸರಿಯಾಗಿ ಹೇಳ್ಬೇಕು ಅಂದ್ರೆ ನಮ್ಮೂರಿನ ಬಂಡೆ ನೋಡಿರ್ತೀರ. ಎಕ್ಸ್‌ಪ್ರೆಸ್‌ವೇಲಿ ಕಾರು ಓಡ್ತಿರುತ್ತೆ, ದೂರದಲ್ಲಿ ದೊಡ್ಡ ದೊಡ್ಡ ಬೋಳು ಬೆಟ್ಟ ಕಾಣುತ್ತೆ, ಹಿಂದಿನ ಸೀಟಿನಲ್ಲಿ ಯಾರಾದ್ರೂ ಒಬ್ಬರು "ಶೋಲೆ ಶೂಟಿಂಗ್ ಇಲ್ಲೇ ಆಗಿದ್ದು" ಅಂತಾರೆ. ಎಲ್ಲರೂ ಒಂದ್ಸಲ ಕಿಟಕಿ ಕಡೆ ತಿರುಗ್ತಾರೆ. ಅಷ್ಟರಲ್ಲಿ ಊರು ದಾಟಿ ಆಯ್ತು.

ಆ ಬಂಡೆಗಳ ಬುಡದಲ್ಲಿ ಒಂದು ಊರಿದೆ. 2011ರ ಜನಗಣತಿ ಪ್ರಕಾರ ಸುಮಾರು 95 ಸಾವಿರ ಜನ. ಬೆಂಗಳೂರಿಂದ 50 ಕಿಲೋಮೀಟರ್. ಅರ್ಕಾವತಿ ನದಿ ಪಕ್ಕದಲ್ಲೇ ಹರಿಯುತ್ತೆ. ಸುತ್ತ ರಾಮದೇವರ ಬೆಟ್ಟ, ರೇವಣಸಿದ್ದೇಶ್ವರ ಬೆಟ್ಟ, ಎಸ್‌ಆರ್‌ಎಸ್ ಬೆಟ್ಟ ಅಂತ ನಮ್ಮ ಹುಡುಗರು ಚಿಕ್ಕದಾಗಿ ಕರೆಯೋದೂ ಅದನ್ನೇ, ಹೀಗೆ ಲೆಕ್ಕ ಹಾಕಿದ್ರೆ ಏಳು ಬೆಟ್ಟ ಅಂತಾರೆ.

ನಾನು ಬಿ.ಕಾಂ ಓದ್ತಿರೋನು, ಇತಿಹಾಸದ ಸ್ಟೂಡೆಂಟ್ ಅಲ್ಲ. ಆದ್ರೆ ಒಂದು ವಿಷಯ ಬಹಳ ದಿನದಿಂದ ತಲೇಲಿ ಕೊರೀತಿದೆ. ಈ ಊರಿಗೆ ಇಷ್ಟೊಂದು ಹೆಸರು ಯಾಕೆ? ಟಿಪ್ಪು ಕಾಲದಲ್ಲಿ ಶಂಸೇರಾಬಾದ್ ಅಂತಿದ್ದರು ಅನ್ನೋ ಮಾತಿದೆ. ಆಮೇಲೆ ಕ್ಲೋಸ್‌ಪೇಟೆ. ಆಮೇಲೆ ರಾಮನಗರ. ರೈಲ್ವೆಯವರ ಬಾಯಲ್ಲಿ ರಾಮನಗರಂ. ಸಿನಿಮಾದವರಿಗೆ ರಾಮ್‌ಘಡ್. ಈಗ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ. ಇದರಲ್ಲಿ ಎಷ್ಟು ಹೆಸರು ಊರಲ್ಲಿ ಇದ್ದೋರು ಇಟ್ಟಿದ್ದು, ಎಷ್ಟು ದಾರೀಲಿ ಹೋಗೋರು ಇಟ್ಟಿದ್ದು? ಅದನ್ನೇ ಒಂದೊಂದು ಫೋಟೋ ಜೊತೆ ಬರೀತಾ ಹೋಗ್ತೀನಿ. ಕ್ಯಾಪ್ಷನ್ ಉದ್ದ ಇರುತ್ತೆ, ಬಸ್ಸಲ್ಲಿ ಸೀಟು ಸಿಕ್ಕಾಗ ಓದಿ.

ಭಾಗ 2

ಫೋಟೋದಲ್ಲಿ ಕಾಣ್ತಿರೋದು ಹಳೇ ಮೈಸೂರು ರಸ್ತೆ. ನಮ್ಮೂರು ಹುಟ್ಟಿದ್ದೇ ಈ ರಸ್ತೆಗೋಸ್ಕರ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಕಂಪನಿಯವರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನ ಸಿಂಹಾಸನದ ಮೇಲೆ ಕೂರಿಸಿದರು, ಆಡಳಿತ ದಿವಾನ್ ಪೂರ್ಣಯ್ಯ ಅವರ ಕೈಗೆ ಬಂತು, ಅವರ ಮೇಲೆ ಕಣ್ಣಿಡೋಕೆ ರೆಸಿಡೆಂಟ್ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ. ಅವನೇ ಬ್ಯಾರಿ ಕ್ಲೋಸ್. ಐರ್ಲೆಂಡಿನವನು.

ಆಗ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ನಡುವೆ ಹೆದ್ದಾರಿ ಈ ಬಂಡೆ, ಕಾಡು ಮಧ್ಯೆ ನುಗ್ಗಿ ಹೋಗ್ತಿತ್ತು. ಕಾಯೋಕೆ ಜನ ಬೇಕು. ಜನ ಇರಬೇಕು ಅಂದ್ರೆ ಮನೆ, ಅಂಗಡಿ, ಸಂತೆ ಬೇಕು. ಹಾಗಾಗಿ 1800ರಲ್ಲಿ ಪೂರ್ಣಯ್ಯ ಇಲ್ಲಿ ಒಂದು ಪೇಟೆ ಕಟ್ಟಿಸಿ ಅದಕ್ಕೆ ರೆಸಿಡೆಂಟ್ ಸಾಹೇಬರ ಹೆಸರಿಟ್ಟರು: ಕ್ಲೋಸ್‌ಪೇಟೆ.

ನೀವು ಪೂರ್ಣಯ್ಯನವರ ಜಾಗದಲ್ಲಿ ನಿಂತು ಯೋಚಿಸಿ. ನಿನ್ನೆ ತನಕ ಟಿಪ್ಪುವಿನ ಮಂತ್ರಿ, ಇವತ್ತು ಟಿಪ್ಪುವನ್ನ ಸೋಲಿಸಿದವರ ಜೊತೆ ಕೆಲಸ. ಹೊಸ ಬಾಸ್‌ಗೆ ಒಂದು ಊರಿನ ಹೆಸರು ಕೊಟ್ಟರೆ ಖರ್ಚೇನೂ ಇಲ್ಲ. ಇದು ನನ್ನ ಅನಿಸಿಕೆ ಅಷ್ಟೇ, ಆದ್ರೆ ಸಂಬಳ ಕೊಡೋರ ಹೆಸರನ್ನ ಕಟ್ಟಡಕ್ಕೆ, ರಸ್ತೆಗೆ ಇಡೋ ಪದ್ಧತಿ ಇವತ್ತಿಗೂ ಹೋಗಿಲ್ಲ, ನೋಡ್ತಾನೇ ಇದ್ದೀವಲ್ಲ.

ತಮಾಷೆ ಏನಂದ್ರೆ ಕ್ಲೋಸ್ ಇಲ್ಲಿದ್ದಿದ್ದು ಎರಡೇ ವರ್ಷದಷ್ಟು. 1801ರಲ್ಲಿ ಪುಣೆಗೆ ಹೋದ. ಪೇಶ್ವೆ ಜೊತೆ 1802ರ ಬಸ್ಸೀನ್ ಒಪ್ಪಂದ ಮಾಡಿಸಿದ್ದು ಇವನೇ. ಮೈಸೂರಿನ ಕಡೆ ಅವನ ಗುರುತು ಅಂತ ಉಳಿದಿದ್ದು ಈ ಪೇಟೆ. ನೂರೈವತ್ತು ವರ್ಷ ನಮ್ಮ ಜನ ಆ ಹೆಸರಲ್ಲೇ ಬದುಕಿದರು. 1880ರ ದಶಕದ ಶುರುವಿನಲ್ಲಿ ಬೆಂಗಳೂರಿಂದ ಮೈಸೂರಿಗೆ ರೈಲು ಬಂದಾಗಲೂ ಇದು ಕ್ಲೋಸ್‌ಪೇಟೆ. ಸ್ವಾತಂತ್ರ್ಯ ಬಂದಮೇಲೆ ರಾಮದೇವರ ಬೆಟ್ಟದ ರಾಮನ ಹೆಸರಲ್ಲಿ ರಾಮನಗರ ಆಯ್ತು. ಹೆಸರು ಬದಲಾಯಿಸಿದ್ದು ಕೆಂಗಲ್ ಹನುಮಂತಯ್ಯನವರು ಅಂತ ಊರಲ್ಲಿ ಹೇಳ್ತಾರೆ. ಅವರು ಹುಟ್ಟಿದ್ದು ಪಕ್ಕದ ಲಕ್ಕಪ್ಪನಹಳ್ಳಿಯಲ್ಲಿ. ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ ಅಂದ್ರೆ ನಿಮಗೆ ಬೇಗ ನೆನಪಾಗುತ್ತೆ.

ಭಾಗ 3

ಚಿಕ್ಕ ಕ್ಯಾಪ್ಷನ್. ಈ ಬಂಡೆ ಮುಟ್ಟಿದ ಕೈ ನನ್ನದೇ.

ಊರಿಂದ ಕ್ಲೋಸ್ ಸಾಹೇಬ ಹೋದ, ಕಲ್ಲಿಂದ ಹೋಗಲಿಲ್ಲ. ಪ್ರಪಂಚದ ಯಾವ ಭೂವಿಜ್ಞಾನಿಯನ್ನ ಕೇಳಿದರೂ ಈ ಕಲ್ಲಿಗೆ "ಕ್ಲೋಸ್‌ಪೇಟ್ ಗ್ರಾನೈಟ್" ಅಂತಾರೆ. ಊರು ಕ್ಲೋಸ್‌ಪೇಟೆ ಆಗಿದ್ದ ಕಾಲದಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯವರು ಸರ್ವೆ ಮಾಡಿ ಇಟ್ಟ ಹೆಸರು. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದ ಒಂದು ಪಟ್ಟಿ ಥರ ಈ ಕಲ್ಲು ಕರ್ನಾಟಕದ ಉದ್ದಕ್ಕೂ ಹೋಗುತ್ತೆ. ವಯಸ್ಸು ಸುಮಾರು 250 ಕೋಟಿ ವರ್ಷ.

ಇನ್ನೊಂದ್ಸಲ ಓದಿ. 250 ಕೋಟಿ ವರ್ಷದ ಕಲ್ಲಿಗೆ ಇಲ್ಲಿ ಎರಡು ವರ್ಷ ಇದ್ದೋನ ಹೆಸರು.

ಭಾಗ 4

ಈಗ ರೇಷ್ಮೆ. ಮೂಗು ಮುಚ್ಕೊಳ್ಳಿ.

ಹೊಸಬರು ರಾಮನಗರಕ್ಕೆ ಬಂದ್ರೆ ಮೊದಲು ಕೇಳೋದು "ಏನಿದು ವಾಸನೆ?" ಅಂತ. ಬೇಯಿಸಿದ ಗೂಡಿಂದ ನೂಲು ಬಿಚ್ಚಿದ ಮೇಲೆ ಒಳಗಿನ ಹುಳು ಉಳಿಯುತ್ತಲ್ಲ, ಪ್ಯೂಪಾ, ಅದರ ವಾಸನೆ. ನಮಗೆ ಗೊತ್ತೇ ಆಗಲ್ಲ. ಅದನ್ನ ಕೋಳಿ, ಮೀನಿನ ಮೇವಿಗೆ ಮಾರ್ತಾರೆ. ನಮ್ಮ ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ಬೈ ಪ್ರಾಡಕ್ಟ್ ಅನ್ನೋ ಚಾಪ್ಟರ್ ಬಂದಾಗ ನನಗೆ ಉದಾಹರಣೆ ಹುಡುಕೋ ಕಷ್ಟ ಇರಲಿಲ್ಲ.

ಮೈಸೂರು ಸೀಮೆಗೆ ರೇಷ್ಮೆ ತಂದಿದ್ದು ಟಿಪ್ಪು. ಬಂಗಾಳದಿಂದ ಹುಳು ತರಿಸಿ, ಸಾಕೋದು ಕಲಿಸೋಕೆ ಕೇಂದ್ರಗಳನ್ನ ಮಾಡಿದ. ಅವನು ಹೋದ, ರಾಜ್ಯ ಹೋಯ್ತು, ಹಿಪ್ಪುನೇರಳೆ ಗಿಡ ಉಳೀತು. ಈಗ ದೇಶದಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ಬರೋದು ಕರ್ನಾಟಕದಿಂದ. ಪೂರ್ಣಯ್ಯ ಕಟ್ಟಿದ ಪೇಟೆ, ಟಿಪ್ಪು ತಂದ ಕಸುಬು. ಇವೆರಡೂ ಸೇರಿದ ಜಾಗ ನಮ್ಮೂರು.

ನಮ್ಮ ಅಜ್ಜಿ ಹಳ್ಳಿಯಲ್ಲಿ ಹುಳು ಸಾಕ್ತಿದ್ದರು. ಈ ಕೆಲಸ ನೋಡದೇ ಇದ್ದೋರಿಗೆ ಸ್ವಲ್ಪ ಹೇಳ್ತೀನಿ. ಮೊಟ್ಟೆಯಿಂದ ಗೂಡಿನ ತನಕ ಹುಳುವಿನ ಬದುಕು ಇಪ್ಪತ್ತೈದು ದಿನದ ಆಸುಪಾಸು. ಅಷ್ಟರಲ್ಲಿ ನಾಲ್ಕು ಸಲ ಮೇಯೋದು ಬಿಟ್ಟು ಪೊರೆ ಕಳಚುತ್ತೆ. ಅದಕ್ಕೆ ನಮ್ಮಲ್ಲಿ ಜ್ವರ ಅಂತಾರೆ. "ಹುಳ ಮೂರನೇ ಜ್ವರದಲ್ಲಿವೆ" ಅಂದ್ರೆ ಯಾರೂ ಗಾಬರಿ ಆಗೋದು ಬೇಡ. ನಾಲ್ಕನೇ ಜ್ವರ ಎದ್ದ ಮೇಲೆ ಶುರು ನಿಜವಾದ ಕಷ್ಟ. ಹುಳು ತನ್ನ ಇಡೀ ಜೀವನದಲ್ಲಿ ತಿನ್ನೋ ಸೊಪ್ಪಲ್ಲಿ ನೂರಕ್ಕೆ ಎಂಬತ್ತು ಭಾಗ ಆ ಕೊನೇ ವಾರದಲ್ಲೇ ತಿನ್ನುತ್ತೆ. ಮನೆಯವರಿಗೆ ನಿದ್ದೆ ಇಲ್ಲ. ರಾತ್ರಿ ಹುಳದ ಮನೆಯಲ್ಲಿ ನಿಂತ್ರೆ ಮಳೆ ಬರೋ ಥರ ಸದ್ದು, ಸಾವಿರಾರು ಹುಳು ಸೊಪ್ಪು ಮೇಯೋ ಸದ್ದು. ಆಮೇಲೆ ಹುಳು ಹಣ್ಣಾಗುತ್ತೆ, ಚಂದ್ರಿಕೆಗೆ ಬಿಡ್ತಾರೆ, ಗೂಡು ಕಟ್ಟುತ್ತೆ.

ಈ ಲೆಕ್ಕದಲ್ಲಿ ಎಲ್ಲಿ ಬೇಕಾದ್ರೂ ಪೆಟ್ಟು ಬೀಳಬಹುದು. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂತು, ಬಂಗಾಳದ ಕಡೆಯಿಂದ ಬಂದ ಗೂಡಿನ ಜೊತೆ. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತೆ, ಮರಿ ಹುಳುವನ್ನ ಒಳಗಿಂದ ತಿನ್ನುತ್ತೆ. ಹುಳದ ಮನೆ ಕಿಟಕಿಗೆಲ್ಲ ನೈಲಾನ್ ಪರದೆ ಬಂದಿದ್ದು ಆಮೇಲೆ. ಅಜ್ಜಿಗೆ ಊಜಿ ಅಂದ್ರೆ ಈಗಲೂ ಶತ್ರು, ಅಡುಗೆ ಮನೆಗೆ ಯಾವ ನೊಣ ಬಂದ್ರೂ ಊಜಿ ಅಂತಲೇ ಬೈತಾರೆ.

ಗೂಡು ಕೈಗೆ ಬಂತು ಅಂದ್ಕೊಳ್ಳಿ. ಹತ್ತು ಹನ್ನೆರಡು ದಿನ ಬಿಟ್ಟರೆ ಒಳಗಿಂದ ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬರುತ್ತೆ, ನೂಲು ಹಾಳು. ಬೆಲೆ ಏರಲಿ ಅಂತ ರಾಗಿ ಥರ ಕಣಜದಲ್ಲಿ ಇಟ್ಟು ಕಾಯೋ ಹಾಗಿಲ್ಲ. ಇವತ್ತೋ ನಾಳೆಯೋ ಮಾರಲೇಬೇಕು. ಮಾರೋನಿಗೆ ಕಾಯೋ ಶಕ್ತಿ ಇಲ್ಲ ಅಂದ್ರೆ ಬೆಲೆ ಯಾರ ಕೈಯಲ್ಲಿರುತ್ತೆ? ಈ ಪ್ರಶ್ನೆ ನೆನಪಿಟ್ಕೊಂಡು ಮುಂದಿನ ಪೋಸ್ಟ್‌ಗೆ ಬನ್ನಿ.

ಭಾಗ 5

ಇದು ಗೂಡಿನ ಮಾರುಕಟ್ಟೆ. ಏಷ್ಯಾದಲ್ಲೇ ದೊಡ್ಡದು ಅಂತ ಎಲ್ಲರೂ ಹೇಳ್ತಾರೆ. ದಿನಕ್ಕೆ ಹತ್ತಾರು ಟನ್ ಗೂಡು ಬರುತ್ತೆ. ನಮ್ಮ ಜಿಲ್ಲೆ ಮಾತ್ರ ಅಲ್ಲ, ಹೊರ ಜಿಲ್ಲೆ, ಆಂಧ್ರ, ತಮಿಳುನಾಡು, ಮಹಾರಾಷ್ಟ್ರದಿಂದಲೂ ಗಾಡಿ ಬರುತ್ತೆ. ಹಳದಿ ರಾಶಿ ಕಂಡ್ರೆ ಅದು ಮಿಶ್ರತಳಿ, ಬಿಳಿ ರಾಶಿ ಕಂಡ್ರೆ ಬೈವೋಲ್ಟೀನ್, ದ್ವಿತಳಿ ಅಂತಾರಲ್ಲ ಅದು. ಬೆಳಗ್ಗೆ ಬೆಳಕಲ್ಲಿ ಆ ಹಳದಿ ಎಷ್ಟು ಚೆನ್ನಾಗಿ ಕಾಣುತ್ತೆ ಅಂದ್ರೆ ಫಿಲ್ಟರ್ ಹಾಕೋದು ಬೇಡವೇ ಬೇಡ, ಮೇಲಿನ ಫೋಟೋಗೂ ಹಾಕಿಲ್ಲ.

ಹಿಂದೆ ರೈತ ಗೂಡನ್ನ ದಲ್ಲಾಳಿಗೋ ಸಾಲ ಕೊಟ್ಟೋನಿಗೋ ಮಾರ್ಕೋಬೇಕಿತ್ತು. 1959ರಲ್ಲಿ ರಾಜ್ಯದಲ್ಲಿ ಒಂದು ಕಾಯ್ದೆ ಬಂತು. ಗೂಡಿನ ವ್ಯಾಪಾರ ಸರ್ಕಾರದ ಮಾರುಕಟ್ಟೆಯೊಳಗೆ, ತೂಕ ಹಾಕಿ, ಹರಾಜಲ್ಲೇ ನಡೀಬೇಕು ಅಂತ. ಕೊಳ್ಳೋನಿಗೆ ಲೈಸೆನ್ಸ್ ಇರಬೇಕು. ಈಗ ಹರಾಜು ಮೊಬೈಲಲ್ಲಿ. ರೈತನ ಗೂಡಿಗೆ ಲಾಟ್ ನಂಬರ್ ಬೀಳುತ್ತೆ, ನೂಲು ಬಿಚ್ಚಾಣಿಕೆಯವರು, ಅಂದ್ರೆ ರೀಲರ್‌ಗಳು, ರಾಶಿ ರಾಶಿ ಸುತ್ತಿ, ಗೂಡು ಕೈಗೆತ್ತಿ, ಕಿವಿ ಹತ್ರ ಅಲ್ಲಾಡಿಸಿ, ಹಿಸುಕಿ ನೋಡಿ, ಫೋನಲ್ಲಿ ರೇಟು ಒತ್ತುತ್ತಾರೆ. ಯಾರು ಎಷ್ಟು ಹಾಕಿದ್ರು ಅಂತ ಪಕ್ಕದವನಿಗೆ ಗೊತ್ತಾಗಲ್ಲ. ಬಂದ ರೇಟು ಒಪ್ಪಿಗೆ ಇಲ್ಲ ಅಂದ್ರೆ ರೈತ ಬೇಡ ಅನ್ನಬಹುದು, ಇನ್ನೊಂದು ಸುತ್ತಿಗೆ ಕಾಯಬಹುದು. ಮೇಲೆ ಕೇಳಿದ ಪ್ರಶ್ನೆಗೆ ಇದು ಅರ್ಧ ಉತ್ತರ. ಪೂರ್ತಿ ಶಕ್ತಿ ಬರಲ್ಲ, ಗೂಡು ಕಾಯಲ್ಲವಲ್ಲ. ಆದ್ರೆ ಒಬ್ಬನೇ ಕೊಳ್ಳೋನ ಮುಂದೆ ಕೈಕಟ್ಟಿ ನಿಲ್ಲೋದು ತಪ್ಪಿತು.

ರೀಲರ್ ಅಂದ್ರೆ ದೊಡ್ಡ ಸಾಹುಕಾರ ಅಂತ ಅಂದ್ಕೋಬೇಡಿ. ಬಹಳ ಜನ ಮನೆ ಹಿಂದೆಯೋ ಪಕ್ಕದ ಶೆಡ್ಡಲ್ಲೋ ಚರಕ, ಕಾಟೇಜ್ ಬೇಸಿನ್ ಇಟ್ಟುಕೊಂಡೋರು. ಒಂದು ಲೆಕ್ಕ ಹೇಳ್ತೀನಿ, ರೇಟು ಉದಾಹರಣೆಗೆ ಮಾತ್ರ. ಒಂದು ಕೆಜಿ ನೂಲಿಗೆ ಏಳು ಕೆಜಿ ಗೂಡು ಬೇಕು ಅಂದ್ಕೊಳ್ಳಿ, ಇದಕ್ಕೆ ಮಾರುಕಟ್ಟೆ ಭಾಷೆಯಲ್ಲಿ ರೆಂಡಿಟ್ಟ ಅಂತಾರೆ. ಗೂಡು ಕೆಜಿಗೆ 500 ಆದ್ರೆ ಗೂಡಿನ ಖರ್ಚೇ 3,500. ಸೌದೆ, ಕೂಲಿ, ನೀರು, ಕರೆಂಟು ಆಮೇಲೆ. ಗೂಡು ಸ್ವಲ್ಪ ಕಳಪೆಯಾಗಿ ಏಳರ ಬದಲು ಎಂಟು ಕೆಜಿ ಹಿಡೀತು ಅಂದ್ರೆ ಒಂದೇ ಕೆಜಿ ನೂಲಲ್ಲಿ 500 ರೂಪಾಯಿ ಹೋಯ್ತು. ಆ ಒಂದು ಕೆಜಿ ವ್ಯತ್ಯಾಸವನ್ನ ಅವನು ಕಿವಿ ಹತ್ರ ಅಲ್ಲಾಡಿಸಿ ಕಂಡು ಹಿಡೀಬೇಕು. ನಮಗೆ ಮೂರು ಸೆಮಿಸ್ಟರ್ ಕಾಸ್ಟಿಂಗ್ ಕಲಿಸಿದರು, ಇದನ್ನ ಯಾರೂ ಕಲಿಸಿಲ್ಲ.

ಈಗ ನಾನು ಈ ಸರಣಿ ಶುರು ಮಾಡಿದ ಕಾರಣಕ್ಕೆ ಬರ್ತೀನಿ. ಗೂಡು ತರೋರಲ್ಲಿ ಹೆಚ್ಚಿನವರು ಸುತ್ತಲ ಹಳ್ಳಿಯ ಒಕ್ಕಲಿಗರು, ಬೇರೆ ರೈತ ಜಾತಿಯವರು. ಕೊಳ್ಳೋ ರೀಲರ್‌ಗಳಲ್ಲಿ ಹೆಚ್ಚಿನವರು ಪಟ್ಟಣದ ಮುಸ್ಲಿಮರು. ಮನೆಯಲ್ಲಿ ದಖನಿ ಉರ್ದು ಮಾತಾಡೋರು ಮಾರುಕಟ್ಟೆಯಲ್ಲಿ ನಿಮಗಿಂತ ಗಟ್ಟಿ ಹಳ್ಳಿ ಕನ್ನಡ ಮಾತಾಡ್ತಾರೆ. "ಏನ್ ಗೌಡ್ರೇ, ಈ ಸಲ ಹುಳಕ್ಕೆ ಉಪವಾಸ ಕೆಡವಿದ್ರಾ?" "ನಿಮ್ಮ ರೇಟು ನೋಡಿದ್ರೆ ಮುಂದಿನ ಸಲ ನಾವೇ ಉಪವಾಸ ಭಾಯ್." ಇಂಥಾ ಮಾತು ದಿನಾ ಬೆಳಗ್ಗೆ ಕೇಳ್ತೀರ. ಜಗಳಾನೂ ಆಗುತ್ತೆ, ತೂಕದ ಮೇಲೆ, ತೇವದ ಮೇಲೆ. ಪ್ರೀತಿಯಿಂದ ಒಟ್ಟಿಗಿದ್ದಾರೆ ಅಂತ ನಾನು ಸಕ್ಕರೆ ಹಾಕಿ ಬರೆಯಲ್ಲ. ಒಬ್ಬರಿಗೆ ಇನ್ನೊಬ್ಬರು ಬೇಕು. ರೀಲರ್ ಇಲ್ಲ ಅಂದ್ರೆ ಗೂಡು ಚಿಟ್ಟೆ ಆಗಿ ಹಾರಿಹೋಗುತ್ತೆ, ರೈತ ಇಲ್ಲ ಅಂದ್ರೆ ಒಲೆ ಹತ್ತಲ್ಲ.

ಇದು ಎಷ್ಟು ಗಟ್ಟಿ ಅಂತ 2011ರಲ್ಲಿ ಗೊತ್ತಾಯ್ತು. ಆ ವರ್ಷದ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕವನ್ನ ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಚೀನಾ ರೇಷ್ಮೆ ಅಗ್ಗವಾಯ್ತು, ಇಲ್ಲಿ ಗೂಡಿನ ಬೆಲೆ ಕುಸೀತು. ಸೀರೆ ನೇಯೋರಿಗೆ ನೂಲು ಅಗ್ಗ ಸಿಗಲಿ ಅನ್ನೋದು ಸರ್ಕಾರದ ಕಡೆ ವಾದ, ಅದರಲ್ಲೂ ಅರ್ಥ ಇದೆ. ಆದ್ರೆ ಇಲ್ಲಿ ರೈತರು ಬೀದಿಗೆ ಬಂದರು. 2013ರ ಬಜೆಟ್‌ನಲ್ಲಿ ಸುಂಕ ಶೇ 15ಕ್ಕೆ ಏರಿತು. ನಮ್ಮ ಕ್ಲಾಸಲ್ಲಿ ಕಸ್ಟಮ್ಸ್ ಡ್ಯೂಟಿ ಅಂದಾಗ ಹುಡುಗರೆಲ್ಲ ಆಕಳಿಸ್ತಾರೆ. ದೆಹಲಿಯಲ್ಲಿ ಒಂದು ಸಾಲು ಬದಲಾದ್ರೆ ರಾಮನಗರದಲ್ಲಿ ಎಷ್ಟು ಜನ ಹಿಪ್ಪುನೇರಳೆ ಕಿತ್ತು ಹಾಕಬೇಕಾ ಅಂತ ಯೋಚಿಸ್ತಾರೆ ಅಂತ ಗೊತ್ತಿದ್ದರೆ ಆಕಳಿಕೆ ಬರಲ್ಲ.

ಭಾಗ 6

ಈ ಫೋಟೋದಲ್ಲಿ ಮುಖ ಇಲ್ಲ, ಕೈ ಮಾತ್ರ. ಅವರೇ ಬೇಡ ಅಂದರು.

ಕುದಿಯೋ ನೀರಲ್ಲಿ ಗೂಡು ಬೆಂದು, ಅದರ ಎಳೆಯ ತುದಿ ಹುಡುಕಿ ಎತ್ತಬೇಕು. ಒಂದು ಗೂಡಲ್ಲಿ ಮುಕ್ಕಾಲು ಕಿಲೋಮೀಟರಿಂದ ಒಂದು ಕಿಲೋಮೀಟರ್ ತನಕ ಒಂದೇ ಎಳೆ ಇರುತ್ತೆ. ಬೇಸಿನ್ ಮುಂದೆ ಕೂರೋರಲ್ಲಿ ಹೆಚ್ಚಿನವರು ಹೆಂಗಸರು. ದಿನವಿಡೀ ಬಿಸಿ ನೀರಲ್ಲಿ ಕೈ, ಬೆರಳು ಬಿರುಕು, ಹೊಗೆ, ಆವಿ, ಕೆಮ್ಮು. ಈ ಕೆಲಸದಲ್ಲಿ ಒಂದು ಕಾಲಕ್ಕೆ ಮಕ್ಕಳೂ ಇದ್ದರು. ಮುಂಗಡ ಸಾಲಕ್ಕೆ ಮಕ್ಕಳನ್ನ ದುಡಿಸೋದರ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಮೇಲೆ ಒಂದು ವರದಿ ಮಾಡಿತು, ಅದರಲ್ಲಿ ಕರ್ನಾಟಕವೂ ಇದೆ. ಊರಿನ ಬಗ್ಗೆ ಹೆಮ್ಮೆಯಿಂದ ಬರೆಯೋ ಪೇಜುಗಳಲ್ಲಿ ಇದನ್ನ ನಾನು ನೋಡಿಲ್ಲ. ಸಿಲ್ಕ್ ಸಿಟಿ ಅಂತ ಹ್ಯಾಶ್‌ಟ್ಯಾಗ್ ಹಾಕೋರು ನಾವೆಲ್ಲ, ಇದನ್ನೂ ಹಾಕಬೇಕು. ಈಗ ಆಟೋಮ್ಯಾಟಿಕ್ ರೀಲಿಂಗ್ ಮಷಿನ್‌ಗಳು ಬರ್ತಿವೆ. ಕೈಗೆ ಒಳ್ಳೇದು, ನೂಲಿಗೂ ಒಳ್ಳೇದು. ಆದ್ರೆ ಸಣ್ಣ ರೀಲರ್ ಕೈಗೆ ಎಟುಕೋ ಬೆಲೆಯಲ್ಲ ಅದು.

ಭಾಗ 7

ಆಯ್ತು, ಶೋಲೆ. ಇದಿಲ್ಲದೆ ಬಿಡಲ್ಲ ಅಂತ ಗೊತ್ತು.

ರಮೇಶ್ ಸಿಪ್ಪಿ 1973ರಲ್ಲಿ ಶೂಟಿಂಗ್ ಶುರು ಮಾಡಿದರು. ರಾಮದೇವರ ಬೆಟ್ಟದ ಬುಡದಲ್ಲಿ ರಾಮ್‌ಘಡ್ ಅನ್ನೋ ಇಡೀ ಹಳ್ಳಿಯನ್ನೇ ಕಟ್ಟಿದರು, ಹೆದ್ದಾರಿಯಿಂದ ಅಲ್ಲಿಗೆ ರಸ್ತೆ ಮಾಡಿದರು. ಸಿನಿಮಾ ಬಿಡುಗಡೆ ಆಗಿದ್ದು 1975ರ ಆಗಸ್ಟ್ 15ಕ್ಕೆ. ಆ ಜಾಗಕ್ಕೆ ಸಿಪ್ಪಿ ನಗರ ಅಂತ ಇನ್ನೊಂದು ಹೆಸರು ಬಿತ್ತು. ನೋಡಿ, ಮತ್ತೆ ಹೊರಗಿನವರ ಹೆಸರು! 1984ರಲ್ಲಿ ಡೇವಿಡ್ ಲೀನ್ ಬಂದು "ಎ ಪ್ಯಾಸೇಜ್ ಟು ಇಂಡಿಯಾ"ಕ್ಕೆ ಇದೇ ಸುತ್ತಿನ ಬಂಡೆಗಳನ್ನ ಬಿಹಾರದ ಗುಹೆ ಮಾಡಿ ತೋರಿಸಿದರು. ಚಂಬಲ್ ಕಣಿವೆಯ ಡಕಾಯಿತರಿಗೂ, ಬಿಹಾರದ ಗುಹೆಗಳಿಗೂ ನಮ್ಮ ಬೆಟ್ಟ ಸರಿಹೋಗುತ್ತೆ. ರಾಮನಗರ ಅಂತಲೇ ರಾಮನಗರವನ್ನ ತೋರಿಸಿದ ಸಿನಿಮಾ ಇದ್ದರೆ ಕಾಮೆಂಟಲ್ಲಿ ಹೇಳಿ.

ಸೆಟ್ಟಿನ ಒಂದು ಕಂಬವೂ ಈಗ ಇಲ್ಲ. ಆದ್ರೂ ಜನ ಬಂದು ಗಬ್ಬರ್ ಕೂತಿದ್ದ ಬಂಡೆ ಯಾವುದು ಅಂತ ಕೇಳ್ತಾರೆ. ನಾವು ಹುಡುಗರು ದಿನಕ್ಕೊಂದು ಬಂಡೆ ತೋರಿಸ್ತೀವಿ.

ಅಲ್ಲಿ ಹೋದಾಗ ಬಂಡೆ ನೋಡಿದ್ದು ಸಾಕಾದ್ರೆ ಮೇಲೆ ನೋಡಿ. ರಣಹದ್ದು ಇವೆ. ಉದ್ದ ಕೊಕ್ಕಿನ ರಣಹದ್ದು, ಬಿಳಿ ರಣಹದ್ದು. 2012ರಲ್ಲಿ ಸರ್ಕಾರ ಈ ಬೆಟ್ಟವನ್ನ ರಣಹದ್ದು ಧಾಮ ಅಂತ ಘೋಷಿಸಿತು, ಸುಮಾರು 346 ಹೆಕ್ಟೇರ್. ಹಸುಗಳಿಗೆ ನೋವಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ಔಷಧಿ, ಆ ಹಸು ಸತ್ತಮೇಲೆ ಅದರ ಮಾಂಸ ತಿಂದ ರಣಹದ್ದಿನ ಕಿಡ್ನಿ ಕೆಡಿಸ್ತಿತ್ತು. ದೇಶದ ತುಂಬ ರಣಹದ್ದು ಸತ್ತವು. 2006ರಲ್ಲಿ ಜಾನುವಾರುಗಳಿಗೆ ಅದನ್ನ ನಿಷೇಧ ಮಾಡಿದರು. ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆ ಇಡೋದು. ಹಾಗಾಗಿ ಸಂಖ್ಯೆ ಬೇಗ ಬೇಗ ಏರಲ್ಲ. ಬೆಟ್ಟದ ಮೇಲೆ ಸ್ಪೀಕರ್ ಹಾಕಿಕೊಂಡು ಹೋಗೋ ಗ್ಯಾಂಗ್‌ಗಳಿಗೆ ಇದನ್ನ ಟ್ಯಾಗ್ ಮಾಡಿ, ಪ್ಲೀಸ್.

ಭಾಗ 8

ಆಷಾಢದಲ್ಲಿ ಬನ್ನಿ. ಬೇರೆ ಊರವರಿಗೆ ಆಷಾಢ ಅಂದ್ರೆ ಶುಭಕಾರ್ಯ ಇಲ್ಲದ ತಿಂಗಳು, ನಮಗೆ ಕರಗದ ತಿಂಗಳು. ಚಾಮುಂಡೇಶ್ವರಿ ಅಮ್ಮನ ಕರಗ ರಾತ್ರಿಯೆಲ್ಲ ಊರು ಸುತ್ತುತ್ತೆ. ಬೇರೆ ಬೇರೆ ಬೀದಿಯ ಅಮ್ಮಂದಿರ ಕರಗಗಳೂ ಹೊರಡ್ತವೆ. ಅಗ್ನಿಕೊಂಡ, ಲೈಟಿಂಗ್, ರಸ್ತೆ ತುಂಬ ಅಂಗಡಿ. ಬೆಂಗಳೂರಲ್ಲಿ ಕೆಲಸ ಮಾಡೋ ಅಣ್ಣಂದಿರು ದೀಪಾವಳಿಗೆ ಬರದಿದ್ದರೂ ಕರಗಕ್ಕೆ ಬರ್ತಾರೆ. ಪೀರನ್ ಷಾ ವಲಿ ದರ್ಗಾದ ಉರುಸ್‌ಗೂ ಹೀಗೇ ಊರು ತುಂಬುತ್ತೆ. ಎರಡಕ್ಕೂ ಬೆಂಡು ಬತ್ತಾಸು ಹಾಕೋ ಅಂಗಡಿಯವರು ಅವರೇ, ಮುಖ ನೋಡಿದ್ರೆ ಗುರುತು ಸಿಗುತ್ತೆ.

ಊರ ಹೊರಗೆ ಜಾನಪದ ಲೋಕ ಇದೆ. ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು, ಹಳ್ಳಿ ಹಳ್ಳಿ ತಿರುಗಿ ಹಾಡು, ಕಥೆ, ನೇಗಿಲು, ಬುಟ್ಟಿ, ಗೊಂಬೆ ಎಲ್ಲ ಕೂಡಿಸಿ 1994ರಲ್ಲಿ ಇದನ್ನ ತೆರೆದರು. ಸ್ಕೂಲ್ ಟ್ರಿಪ್‌ನಲ್ಲಿ ಹೋಗಿರ್ತೀರ, ದೊಡ್ಡವರಾದ ಮೇಲೆ ಇನ್ನೊಂದ್ಸಲ ಹೋಗಿ. ಆಗ ಬೋರ್ ಆಗಿದ್ದು ಈಗ ಆಗಲ್ಲ.

ಭಾಗ 9

ಈ ರಸ್ತೆ ಫೋಟೋ ತೆಗೆದಿದ್ದು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ. ಖಾಲಿ ಇದೆಯಲ್ಲ? ಐದು ವರ್ಷದ ಹಿಂದೆ ಇದೇ ಹೊತ್ತಲ್ಲಿ ರಸ್ತೆ ದಾಟೋಕೆ ಹತ್ತು ನಿಮಿಷ ನಿಲ್ಲಬೇಕಿತ್ತು.

2023ರ ಮಾರ್ಚ್ 12ಕ್ಕೆ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸ್. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಹೋಗೋ ಹಾಗಿಲ್ಲ. ಮೈಸೂರಿಗೆ ಬೇಗ ಹೋಗಬಹುದು, ನಿಜ, ಆಂಬುಲೆನ್ಸ್‌ಗೆ ಒಳ್ಳೇದು, ಅದೂ ನಿಜ. ಆದ್ರೆ ಬಿಡದಿ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ಎಳನೀರು, ನಮ್ಮೂರಿನ ಹೋಟೆಲ್, ಪಂಕ್ಚರ್ ಅಂಗಡಿ, ಇವೆಲ್ಲ ನಿಂತಿದ್ದು ಕಾರು ನಿಲ್ಲುತ್ತೆ ಅನ್ನೋ ನಂಬಿಕೆ ಮೇಲೆ. ರಸ್ತೆ ಕಾಯೋಕೆ ಅಂತ ಪೂರ್ಣಯ್ಯ ಪೇಟೆ ಕಟ್ಟಿದರು, 223 ವರ್ಷ ಆದಮೇಲೆ ರಸ್ತೆ ಪೇಟೆಯನ್ನ ಬಿಟ್ಟು ಪಕ್ಕಕ್ಕೆ ಹೋಯ್ತು.

ಹಿಂದಿನ ವರ್ಷದ ಮಳೆಯೂ ನೆನಪಿರಬೇಕು ನಿಮಗೆ. 2022ರ ಆಗಸ್ಟ್ ಕೊನೆಯಲ್ಲಿ ಕೆರೆ ತುಂಬಿ, ಊರೊಳಗೆ ನೀರು ನುಗ್ಗಿ, ಹೆದ್ದಾರಿ ಹೊಳೆಯಾಗಿತ್ತು. ಟಿವಿಯಲ್ಲಿ ತೋರಿಸಿದ್ದು ಮುಳುಗಿದ ಕಾರು, ಬಸ್ಸು. ತಗ್ಗಿನ ಬೀದಿಗಳ ಮನೆಗಳಲ್ಲಿ ಅಕ್ಕಿ, ಬಟ್ಟೆ, ಪುಸ್ತಕ ತೋಯ್ದಿದ್ದು, ರೀಲಿಂಗ್ ಶೆಡ್ಡುಗಳಲ್ಲಿ ಗೂಡು, ನೂಲು ಹಾಳಾಗಿದ್ದು ಅಷ್ಟಾಗಿ ಬರಲಿಲ್ಲ.

ಈಗ ನಮ್ಮ ಓಡಾಟ ಎಲ್ಲ ರೈಲಲ್ಲಿ. ಬೆಳಗಿನ ಮೆಮುನಲ್ಲಿ ನೋಡಿ, ಸ್ಟೂಡೆಂಟ್ಸ್, ಬಿಲ್ಲಿಂಗ್ ಕೆಲಸದ ಹುಡುಗಿಯರು, ಸೆಕ್ಯೂರಿಟಿ ಅಂಕಲ್‌ಗಳು, ಹೂವಿನ ಮೂಟೆ, ಸೊಪ್ಪಿನ ಮೂಟೆ. 1999ರಿಂದ ಬಿಡದಿಯಲ್ಲಿ ಟೊಯೋಟಾ ಕಾರು ತಯಾರಾಗ್ತಿದೆ, ಸುತ್ತ ಬೇರೆ ಫ್ಯಾಕ್ಟರಿಗಳೂ ಬಂದವು, ಹಾಗಾಗಿ ಎದುರು ದಿಕ್ಕಿನ ಶಿಫ್ಟ್ ಬಸ್ಸುಗಳೂ ತುಂಬಿರ್ತವೆ. ನನ್ನ ಜೊತೆ ಹೈಸ್ಕೂಲ್ ಓದಿದವರಲ್ಲಿ ಹುಳು ಸಾಕ್ತಿರೋನು ಒಬ್ಬನೇ ಒಬ್ಬ. ಅವನೇ ನಮ್ಮಲ್ಲಿ ಎಲ್ಲರಿಗಿಂತ ಮೊದಲು ಬೈಕ್ ತಗೊಂಡಿದ್ದು, ಅದನ್ನೂ ಹೇಳಬೇಕು.

ಭಾಗ 10, ಕೊನೇದು

ಬಿ.ಕಾಂ ಭಾಷೆಯಲ್ಲಿ ಹೇಳಿದ್ರೆ ಒಂದೇ ಅಕೌಂಟು, ಲೆಡ್ಜರ್ ಹೆಡಿಂಗ್ ಮಾತ್ರ ಬದಲಾಗ್ತಿದೆ. 1986ರ ತನಕ ನಾವು ಬೆಂಗಳೂರು ಜಿಲ್ಲೆ. ಆಮೇಲೆ ಬೆಂಗಳೂರು ಗ್ರಾಮಾಂತರ. 2007ರಲ್ಲಿ ಕುಮಾರಸ್ವಾಮಿಯವರು ಮುಖ್ಯಮಂತ್ರಿ ಆಗಿದ್ದಾಗ ರಾಮನಗರ ಜಿಲ್ಲೆ. 2025ರ ಮೇನಲ್ಲಿ ಸಚಿವ ಸಂಪುಟದ ತೀರ್ಮಾನ ಆಗಿ ಬೆಂಗಳೂರು ದಕ್ಷಿಣ ಜಿಲ್ಲೆ. ಊರಿನ ಹೆಸರು ರಾಮನಗರವೇ, ಜಿಲ್ಲಾ ಕೇಂದ್ರವೂ ಇದೇ.

ಬೆಂಗಳೂರು ಅನ್ನೋ ಬ್ರ್ಯಾಂಡ್ ಸಿಕ್ಕರೆ ಬಂಡವಾಳ ಬರುತ್ತೆ, ಜಮೀನಿಗೆ ಬೆಲೆ ಬರುತ್ತೆ ಅನ್ನೋದು ಪರವಾಗಿರೋರ ಮಾತು. ರಾಮನ ಹೆಸರು ತೆಗೆದರು ಅನ್ನೋದು ವಿರೋಧದವರ ಮಾತು. ಟಿವಿಯಲ್ಲಿ ಈ ಎರಡೇ ಕೇಳಿಸ್ತು. ನನಗೆ ಹೆಸರಿಗಿಂತ "ಜಮೀನಿಗೆ ಬೆಲೆ" ಅನ್ನೋ ಆ ಎರಡು ಪದದ ಮೇಲೆ ಕಣ್ಣು. ಸೈಟಿಗೆ ಬೆಲೆ ಬಂದ ಜಮೀನಲ್ಲಿ ಹಿಪ್ಪುನೇರಳೆ ಎಷ್ಟು ವರ್ಷ ಇರುತ್ತೆ? ಬಿಡದಿ ಪಕ್ಕ ಬೈರಮಂಗಲ, ಕಂಚುಗಾರನಹಳ್ಳಿ ಕಡೆ ಹೊಸ ಟೌನ್‌ಶಿಪ್‌ಗೆ ಭೂಮಿ ತಗೋತಾರೆ ಅಂದಾಗ ರೈತರು ಧರಣಿ ಕೂತಿದ್ದು ಇದಕ್ಕೇ. ಕೆಲವರು ಒಳ್ಳೇ ಪರಿಹಾರ ಸಿಕ್ಕರೆ ಕೊಡ್ತೀವಿ ಅಂತಾರೆ, ಅವರ ಮನೆಯಲ್ಲೂ ಹುಳು ಸಾಕೋಕೆ ಹುಡುಗರಿಲ್ಲ. ಅವರದ್ದೂ ತಪ್ಪು ಅನ್ನೋಕಾಗಲ್ಲ. ಜಮೀನು ಮಾರಿದೋನಿಗೆ ದುಡ್ಡು ಬರುತ್ತೆ. ಆ ಜಮೀನಿನ ಗೂಡು ನಂಬಿ ಒಲೆ ಹಚ್ಚೋ ರೀಲರ್‌ಗೆ ಪರಿಹಾರದ ಪಟ್ಟಿಯಲ್ಲಿ ಜಾಗ ಎಲ್ಲಿ? ಅವನ ಹತ್ರ ಪಹಣಿ ಇಲ್ಲ. ಬೇಸಿನ್ ಮುಂದೆ ಕೂರೋ ಅಕ್ಕನ ಹತ್ರ ಅಂತೂ ಯಾವ ಪೇಪರೂ ಇಲ್ಲ.

ನೀವು ಬರೋದಾದ್ರೆ ಬೆಂಗಳೂರಿಂದ ಬೆಳಗಿನ ರೈಲು ಹಿಡೀರಿ. ಸ್ಟೇಷನ್‌ನಿಂದ ಗೂಡಿನ ಮಾರ್ಕೆಟ್ಟಿಗೆ ಆಟೋ ಸಿಗುತ್ತೆ, ಮಾರ್ಕೆಟ್ ಅಂದ್ರೆ ತರಕಾರಿ ಮಾರ್ಕೆಟ್ಟಿಗೆ ಬಿಡ್ತಾರೆ, "ಗೂಡಿನ ಮಾರ್ಕೆಟ್" ಅಂತಲೇ ಹೇಳಿ. ಹರಾಜು ನಡೆಯೋವಾಗ ರಾಶಿ ಮುಂದೆ ಅಡ್ಡ ನಿಂತು ಸೆಲ್ಫಿ ತೆಗೀಬೇಡಿ, ಬೈಸ್ಕೋತೀರ. ಫೋಟೋ ತೆಗೆಯೋ ಮುಂಚೆ ಕೇಳಿ.

ನಿಮ್ಮ ಮನೆಯಲ್ಲಿ ಇನ್ನೂ ಕ್ಲೋಸ್‌ಪೇಟೆ ಅನ್ನೋ ಅಜ್ಜಿ ತಾತ ಇದ್ದರೆ, ಆ ಹೆಸರಿರೋ ಹಳೇ ಪತ್ರ, ರಸೀದಿ, ಲಗ್ನಪತ್ರಿಕೆ ಇದ್ದರೆ ಫೋಟೋ ತೆಗೆದು ಡಿಎಂ ಮಾಡಿ. ಮುಂದಿನ ಸರಣಿಗೆ ಅದನ್ನೇ ಹಾಕ್ತೀನಿ.

#ರಾಮನಗರ #ಕ್ಲೋಸ್‌ಪೇಟೆ #ರೇಷ್ಮೆಗೂಡು #ನಮ್ಮೂರಕಥೆ